ಬಂಪರಿನ ಕಪ್ಪು

ಚಳ್ಳಕೆರೆಯಲ್ಲಿ ಪಾವಗಡ ರಸ್ತೆಯಿಂದ ಒಳಕ್ಕೆ ತಿರುಗಿದರೆ ಮೂರನೆಯ ಓಣಿಯಲ್ಲಿ ಬೇವಿನ ಮರವಿರುವುದೇ ಕರಿಯಕ್ಕನ ಮನೆ. ಗಂಡ ಹೆಂಡತಿ ಇಬ್ಬರೂ ನಲವತ್ತು ವರ್ಷ ಕಂಬಳಿ ಕೆಲಸ ಮಾಡಿ ಕಟ್ಟಿದ ಮನೆ. ಗಂಡ ಚಂದ್ರಣ್ಣನಿಗೆ ಈಗ ಮಂಡಿ ನೋವು. ಮಗ್ಗ ಬಿಚ್ಚಿ ಅಟ್ಟ ಸೇರಿಸಿ ಆರು ವರ್ಷವಾಯಿತು. ಒಬ್ಬನೇ ಮಗ ಕಿರಣ್‌ಕುಮಾರ್ ಏಳು ಸೀಟಿನ ಬಿಳಿ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಾನೆ. ಸೊಸೆ ಶಾಂತಕುಮಾರಿ ಮೊಳಕಾಲ್ಮೂರಿನವಳು. ಮೊಮ್ಮಗಳು ಸೌಂದರ್ಯ ಎರಡನೇ ಕ್ಲಾಸು.

ಕರಿಯಕ್ಕನಿಗೆ ಅರವತ್ತೆರಡು ತುಂಬಿದೆ. ಅಂಗಳ ಗುಡಿಸುವುದನ್ನು ಅವಳು ಇವತ್ತಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ತಮ್ಮ ಮನೆಯವರು ಯಾರ ಮುಂದೆಯೂ ಕೈಯೊಡ್ಡಿದವರಲ್ಲ, ಇನ್ನೊಬ್ಬರ ಬಾಗಿಲಲ್ಲಿ ಚಾಕರಿ ಮಾಡಿದವರಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ. ಆ ಹೆಮ್ಮೆಗೆ ಕುತ್ತು ಬಂದದ್ದು ಶಿವರಾತ್ರಿ ಕಳೆದ ವಾರ.

ಆ ಮಧ್ಯಾಹ್ನ ಕಿರಣ್ ಊಟಕ್ಕೆ ಕೂತವನು ಮುದ್ದೆ ಮುರಿಯಲೇ ಇಲ್ಲ. ಸೋಲಾರ್ ಕಂಪನಿಯ ಎಂಜಿನಿಯರುಗಳನ್ನು ಎರಡು ವರ್ಷದಿಂದ ಅವನೇ ಕರೆದೊಯ್ಯುತ್ತಿದ್ದ. ಬೆಳಿಗ್ಗೆ ಅಲ್ಲಿನ ಮೇಲ್ವಿಚಾರಕ ಗಾಡಿಯ ಸುತ್ತ ಒಂದು ಸುತ್ತು ಬಂದು, ಹೊರಗಿನಿಂದ ಬರುವ ದೊಡ್ಡ ಅಧಿಕಾರಿಗಳಿಗೆ ಈ ಗಾಡಿ ಬೇಡ, ನೋಡಲು ಮುದಿಯಾಗಿದೆ ಎಂದಿದ್ದ.

"ಇಂಜಿನ್ ಚೆನ್ನಾಗೈತೆ, ಟೈರ್ ಹೊಸವು," ಎಂದ ಕಿರಣ್. "ಬಂಪರ್ ನೋಡಿ ಹೇಳ್ತಾರೆ ಅವ್ವ. ಬೂದಿ ಬಳ್ದಂಗೆ ಐತಂತೆ."

ಮಾತು ಸುಳ್ಳಲ್ಲ. ಚಳ್ಳಕೆರೆಯ ಬಿಸಿಲಿಗೆ ಕಾರಿನ ಕಪ್ಪು ಪ್ಲಾಸ್ಟಿಕ್ಕೆಲ್ಲ ಬೆಳ್ಳಗಾಗಿತ್ತು. ಮುಂದಿನ ಹಿಂದಿನ ಬಂಪರು, ಬಾಗಿಲ ಕೆಳಗಿನ ಪಟ್ಟಿ, ಕನ್ನಡಿಯ ಚಿಪ್ಪು, ವೈಪರ್ ಕೂರುವ ಜಾಗ, ಯಾವುದನ್ನು ನೋಡಿದರೂ ಒಲೆಯಿಂದ ತೆಗೆದ ಸೌದೆಯ ಬಣ್ಣ. ಕಿರಣ್ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರುತ್ತಿದ್ದ. ಎರಡು ದಿನ ಮಿರಮಿರ ಮಿಂಚಿ, ಮೂರನೆಯ ದಿನ ಊರ ಧೂಳೆಲ್ಲ ಅಂಟಿ ಮೊದಲಿಗಿಂತ ಕಡೆಯಾಗುತ್ತಿತ್ತು. ಯಾರೋ ಹೇಳಿದರೆಂದು ಸೀಮೆಎಣ್ಣೆ ಹಚ್ಚಿದ್ದಕ್ಕೆ ಕಿಟಕಿಯ ರಬ್ಬರು ಉಬ್ಬಿ, ಗಾಜು ಏರಿಸುವಾಗ ಕಿರ್ರೆನ್ನುತ್ತಿತ್ತು.

ಮಗಳಿಗೆ ಸಾರು ಬಡಿಸುತ್ತಿದ್ದ ಶಾಂತ, ಬಳ್ಳಾರಿಯ ಕಾರು ಶೋರೂಮಿನಲ್ಲಿ ಗಾಡಿ ತೊಳೆಯುವ ವಿಭಾಗದಲ್ಲಿರುವ ತನ್ನ ತಮ್ಮನನ್ನು ಒಂದು ಮಾತು ಕೇಳುತ್ತೇನೆ ಎಂದಳು. ಕಿರಣ್ ಕೇಳಿಸಿಕೊಳ್ಳದವನಂತೆ ಕೈ ತೊಳೆದುಕೊಂಡು ಎದ್ದುಹೋದ.

ಅವಳು ಮಾತ್ರ ಕೇಳಿಯೇ ಕೇಳಿದಳು. ಮೂರು ಸಂಜೆ ಫೋನು ಕಿವಿಗಿಟ್ಟುಕೊಂಡೇ ರೊಟ್ಟಿ ತಟ್ಟಿದಳು. ಹತ್ತು ದಿನಕ್ಕೆ ಬಳ್ಳಾರಿ ಬಸ್ಸಿನಲ್ಲಿ ಒಂದು ಡಬ್ಬಿ ಬಂತು: ಮಾಸಿದ ಪ್ಲಾಸ್ಟಿಕ್ಕಿಗೆ ಕಪ್ಪು ಮರಳಿಸುವ ದ್ರಾವಣದ, ಕೆಮ್ಮಿನ ಔಷಧದ ಸೀಸೆಯಷ್ಟು ಸಣ್ಣ ಬಾಟಲಿ, ಎರಡು ಮೆತ್ತನೆಯ ಸ್ಪಂಜು, ಒಂದು ಸುರುಳಿ ಕಾಗದದ ಟೇಪು. ಭಾನುವಾರ ನಸುಕಿಗೇ ಎದ್ದು ಕಾರಿನ ಮುಂದೆ ಕೂತಳು. ಮೊದಲು ಶಾಂಪೂ ನೀರಿನಲ್ಲಿ ಬಂಪರನ್ನು ಬ್ರಷ್ಷಿನಿಂದ ಉಜ್ಜಿದಳು. ಸಂದುಗೊಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ವರ್ಷಗಟ್ಟಲೆ ಕೂತಿದ್ದ ಎಣ್ಣೆ ಜಿಡ್ಡು ಕರಿ ನೊರೆಯಾಗಿ ಇಳಿಯಿತು. ಒಣಗಿದ ಮೇಲೆ ಸ್ಪಿರಿಟ್ ಮುಟ್ಟಿಸಿ ಒರೆಸಿದಳು. ಬಿಳಿ ಬಣ್ಣಕ್ಕೆ ತಾಗದಂತೆ ಅಂಚಿಗೆಲ್ಲ ಟೇಪು ಅಂಟಿಸಿದಳು. ಆಮೇಲೆ ಸ್ಪಂಜಿಗೆ ನಾಲ್ಕೇ ನಾಲ್ಕು ಹನಿ ಹಾಕಿ, ಗೇಣಷ್ಟು ಜಾಗಕ್ಕೆ ತೆಳ್ಳಗೆ ಹಚ್ಚುವುದು, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒರೆಸುವುದು, ಮುಂದಿನ ಗೇಣಿಗೆ ಹೋಗುವುದು.

ಕರಿಯಕ್ಕ ಹೊರಗೆ ಬಂದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಬಂಪರಲ್ಲ, ಒರೆಸುವ ಬಟ್ಟೆ.

"ಅದು ನನ್ನ ಬಾಣಂತನದ ಸೀರೆ," ಎಂದಳು.

ಶಾಂತ ನೋಡಿಕೊಂಡಳು. ಪೆಟ್ಟಿಗೆಯ ತಳದಲ್ಲಿ ಹರಿದು ಬಿದ್ದಿದ್ದ ನೂಲಿನ ಸೀರೆ, ಬೆಣ್ಣೆಯಂತೆ ಮೆತ್ತಗಿತ್ತು. ಗಟ್ಟಿ ಬಟ್ಟೆಯಾದರೆ ಗೆರೆ ಬೀಳುತ್ತದೆಂದು ತೆಗೆದುಕೊಂಡೆ, ಕೇಳದೆ ಮುಟ್ಟಿದ್ದು ತಪ್ಪು ಎಂದಳು. ಕರಿಯಕ್ಕ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ಬೆಳಗಿದಳು. ಅವತ್ತು ಚಹಾ ಬಂದದ್ದು ಚಂದ್ರಣ್ಣನಿಗೆ ಮತ್ತು ಮಗನಿಗೆ ಮಾತ್ರ.

ಕೆಲಸ ಮಾತ್ರ ಚೆನ್ನಾಗಿ ಬಂದಿತ್ತು. ಜಿಡ್ಡಿನ ಮಿಂಚಲ್ಲ, ಹೊಸ ಗಾಡಿಯ ಸಮ ಕಪ್ಪು. ಒಂದು ದಿನ ನೀರು ಸೋಕಿಸಬಾರದೆಂದು ಶಾಂತ ಹಟ ಹಿಡಿದು ಗಾಡಿ ನಿಲ್ಲಿಸಿಕೊಂಡಳು. ಮಂಗಳವಾರ ಮೇಲ್ವಿಚಾರಕ ಮತ್ತೊಂದು ಸುತ್ತು ಬಂದು, ಹೊಸ ಬಂಪರು ಹಾಕಿಸಿದೆಯಾ ಎಂದು ಕಿರಣ್‌ನನ್ನು ಕೇಳಿದ. ಹದಿನೈದು ದಿನ ಕಳೆದರೂ ಧೂಳು ಬೀಸಿದರೆ ಉದುರುತ್ತಿತ್ತು, ಅಂಟುತ್ತಿರಲಿಲ್ಲ.

ಟ್ಯಾಕ್ಸಿ ನಿಲ್ದಾಣದಲ್ಲಿ ಇಂಥ ಸುದ್ದಿ ನಿಲ್ಲುವುದಿಲ್ಲ. ಮೊದಲು ಕಿರಣ್‌ನ ಸ್ನೇಹಿತನೊಬ್ಬ ಬಂದ, ಅವನ ಹಿಂದೆ ಇಬ್ಬರು, ಆಮೇಲೆ ಆಸ್ಪತ್ರೆಯ ನರ್ಸಮ್ಮ ತನ್ನ ಸಣ್ಣ ಕಾರು ತಂದಳು. ಬೇವಿನ ಮರದ ಕೆಳಗೆ ದಿನಕ್ಕೊಂದು ಗಾಡಿ ನಿಲ್ಲತೊಡಗಿತು. ಶಾಂತ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಕ್ರದ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಓಣಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು.

ಕರಿಯಕ್ಕನಿಗೆ ಇದು ನುಂಗಲಾರದ ತುತ್ತಾಯಿತು. ಎದುರು ಮನೆಯ ಜೋಗಮ್ಮ ನಲ್ಲಿಯ ಹತ್ತಿರ, ನಿನ್ನ ಸೊಸೆ ಗಾಡಿ ತೊಳೆಯೋ ಕೆಲಸಕ್ಕೆ ಸೇರಿದಳಂತೆ ಎಂದು ನಗುನಗುತ್ತಲೇ ಕೇಳಿದ ದಿನ ಅವಳು ಅರ್ಧ ಕೊಡ ನೀರು ಬಿಟ್ಟು ಬಂದಳು. ಅವತ್ತು ಊಟದ ಹೊತ್ತಿಗೆ ಮಾತು ಸಿಡಿಯಿತು.

"ನಾಕು ದಿನಕ್ಕೊಂದು ಸಲ ನಲ್ಲಿ ನೀರು ಬರ್ತೈತೆ. ಮನೆಗೆ ಸಾಲದ ನೀರು ಊರ ಗಾಡಿಗೆ ಸುರೀಬೇಕಾ?"

"ಒಂದು ಗಾಡಿಗೆ ಎರಡೇ ಬಕೆಟ್ ಅತ್ತೆ," ಎಂದಳು ಶಾಂತ. "ಬಟ್ಟೆ ಒಗೆದ ನೀರು ಎತ್ತಿಟ್ಟು ಚಕ್ರಕ್ಕೆ ಅದನ್ನೇ ಬಳಸ್ತೀನಿ."

"ನೀರಿನ ಮಾತಲ್ಲ ಇದು."

"ಮತ್ತೇನು ಹೇಳಿ."

"ಬೀದಿ ಗಂಡಸರು ಕೈ ಕಟ್ಟಿ ನಿಂತು ನೋಡ್ತಾರೆ, ನಮ್ಮನೆ ಸೊಸೆ ಅವರ ಚಕ್ರದ ಹತ್ರ ಕುಕ್ಕುರುಗಾಲಲ್ಲಿ ಕೂತಿರ್ತಾಳೆ. ಇದನ್ನ ನಾನು ಬಾಯಿ ಬಿಟ್ಟು ಹೇಳ್ಬೇಕಾ?"

ಕಿರಣ್ ಸಾರಿನ ಬಟ್ಟಲು ನೋಡುತ್ತ ಕೂತಿದ್ದ. ಅವ್ವ ಹೇಳುವುದೂ ಸರಿ ಎಂದು ಗೊಣಗಿದ. ಶಾಂತ ಅವನತ್ತ ಒಮ್ಮೆ ನೋಡಿ, ನಿಮ್ಮ ಗಾಡಿ ಕಪ್ಪಾದಾಗ ಸರಿ ಇತ್ತಲ್ಲ ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಅಂದಿನಿಂದ ಅತ್ತೆ ಸೊಸೆಯ ನಡುವೆ ಮಾತು ಉಪ್ಪು, ಬೆಂಕಿಪೊಟ್ಟಣದಷ್ಟಕ್ಕೆ ಇಳಿಯಿತು. ಶಾಂತ ಮಾಡಿದ ರೊಟ್ಟಿಯನ್ನು ಕರಿಯಕ್ಕ ಎಲ್ಲರ ಊಟವಾದ ಮೇಲೆ ಒಬ್ಬಳೇ ತಿನ್ನುತ್ತಿದ್ದಳು. ಸೌಂದರ್ಯಳ ಜಡೆ ಹೆಣೆಯುವುದು ಮಾತ್ರ ನಿಲ್ಲಲಿಲ್ಲ. ಅಜ್ಜಿಯ ಮಾತೆಲ್ಲ ಆ ಜಡೆಯ ಮೂಲಕವೇ ಸೊಸೆಗೆ ತಲುಪುತ್ತಿತ್ತು.

ಜಗಳಕ್ಕೆ ಸೇರದೆ ಉಳಿದವನು ಚಂದ್ರಣ್ಣ. ಒಂದು ದಿನ ಹಳೆಯ ತಾಡಪಾಲು ತೆಗೆದು, ಕುಂಟುತ್ತ ಹೋಗಿ ಬೇವಿನ ಕೊಂಬೆಗೂ ಕಂಬಕ್ಕೂ ಕಟ್ಟಿ ಬೀದಿಯ ಕಡೆಗೆ ಮರೆ ಮಾಡಿದ. ಯಾರ ಪರವಾಗಿ ಕಟ್ಟಿದೆ ಎಂದು ಕರಿಯಕ್ಕ ಕೇಳಿದಳು. ಬಿಸಿಲಿಗೆ ಕಟ್ಟಿದೆ ಎಂದ.

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವ ಕಾಲಕ್ಕೆ ಸಿದ್ದಾಪುರದಿಂದ ದೊಡ್ಡಪಾಲಯ್ಯ ಬಂದ. ಊರಿನಲ್ಲಿ ಹಿರಿಯ, ಚಂದ್ರಣ್ಣನಿಂದ ಹಿಂದೆ ಕಂಬಳಿ ಕೊಂಡವನು. ಮಗಳು ನಿರ್ಮಲಾಳ ಮದುವೆಗೆ ಇನ್ನು ಎರಡೇ ದಿನವಿತ್ತು. ಮದುಮಗಳು ಮೊಳಕಾಲ್ಮೂರಿನ ಗಂಡನ ಮನೆಗೆ ಹೋಗುವುದು ತಮ್ಮದೇ ಕಾರಿನಲ್ಲಿ ಎಂದು ಅವನ ಆಸೆ. ಕಾರು ಕೆಂಪು, ಮೈ ಬಣ್ಣ ಚೆನ್ನಾಗಿತ್ತು. ಬಂಡೆಯ ಪಕ್ಕ ಬಯಲಲ್ಲಿ ನಿಂತೂ ನಿಂತೂ ಕಪ್ಪು ಭಾಗವೆಲ್ಲ ಸುಣ್ಣ ಬಳಿದಂತಾಗಿತ್ತು. ಲಗ್ನಪತ್ರಿಕೆ ಹಂಚಿ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಶಾಂತ ಅನುಮಾನಿಸಿದಳು, ಬೆಳಿಗ್ಗೆಯೇ ತಂದಿದ್ದರೆ ಎಂದಳು. ದೊಡ್ಡಪಾಲಯ್ಯ, "ಮಗಳ ಮದುವೆ ಕಣಮ್ಮ, ಇಲ್ಲ ಅನ್ನಬ್ಯಾಡ," ಎಂದಾಗ ಒಪ್ಪಿಕೊಂಡಳು.

ತೊಳೆದು ಒಣಗಿಸಿ ಟೇಪು ಹಚ್ಚುವಷ್ಟರಲ್ಲಿ ಒಂದು ಗಂಟೆ. ಎಡಭಾಗಕ್ಕೆ ನೆರಳಿತ್ತು, ಅಲ್ಲಿ ಕಪ್ಪು ಚೆನ್ನಾಗಿಯೇ ಕೂತಿತು. ಬಲಕ್ಕೆ ಬರುವ ಹೊತ್ತಿಗೆ ಬೇವಿನ ನೆರಳು ಸರಿದು ಹೋಗಿ, ಆ ಬದಿಯೆಲ್ಲ ಬಿಸಿಲಲ್ಲಿ ಕಾದಿತ್ತು. ಹಚ್ಚಿದ್ದು ಒರೆಸುವ ಮೊದಲೇ ಒಣಗಿತು. ಬಾಗಿಲ ಪಟ್ಟಿಯ ಉದ್ದಕ್ಕೂ ಕಾಡಿಗೆ ಸೋರಿದಂತೆ ಗೆರೆಗಳು, ನಡುನಡುವೆ ಬೂದು ಕಲೆ. ಶಾಂತ ತಿಕ್ಕಿದಳು. ತಿಕ್ಕಿದಷ್ಟೂ ಗೆರೆ ಎದ್ದು ಕಂಡಿತು. ಹಣೆಯ ಬೆವರು ಪಟ್ಟಿಯ ಮೇಲೆಯೇ ತೊಟ್ಟಿಕ್ಕಿತು.

ಅದೇ ಹೊತ್ತಿಗೆ ಊಟಕ್ಕೆ ಬಂದ ಕಿರಣ್ ನೋಡಿ ಬೆಚ್ಚಿದ. ಮದುವೆಯ ಗಾಡಿ, ದೊಡ್ಡವರ ಗಾಡಿ, ಆಗದ ಕೆಲಸ ಯಾಕೆ ಒಪ್ಪಿಕೊಂಡೆ, ನಾಳೆ ಊರಲ್ಲಿ ನಾನು ಮುಖ ತೋರಿಸುವುದು ಹೇಗೆ ಎಂದು ಹಲ್ಲು ಕಚ್ಚಿ ಬೈದ. ಕಟ್ಟೆಯ ಮೇಲೆ ಚಂದ್ರಣ್ಣನ ಜೊತೆ ಮಜ್ಜಿಗೆ ಕುಡಿಯುತ್ತಿದ್ದ ದೊಡ್ಡಪಾಲಯ್ಯ ಲೋಟ ಕೆಳಗಿಟ್ಟು ಎದ್ದ.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಕರಿಯಕ್ಕನಿಗೆ ಆ ಗೆರೆಗಳು ಹೊಸವಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಅತ್ತೆಯ ಕೈಕೆಳಗೆ ಮೊದಲ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದಾಗ ಬಿಸಿಲೇರಿತ್ತು; ಆಗ ಬಿದ್ದದ್ದೂ ಇಂಥದೇ ಗೆರೆ. ಅವಳು ಮೆಟ್ಟಿಲಿಳಿದು ಬಂದು ಪಟ್ಟಿಯ ಮೇಲೆ ಅಂಗೈ ಇಟ್ಟಳು. ಹಂಚಿನಂತೆ ಸುಡುತ್ತಿತ್ತು.

"ಶಾಂತಾ, ತಿಕ್ಕೋದು ನಿಲ್ಸು," ಎಂದಳು. ಮೂರು ವಾರದಲ್ಲಿ ಸೊಸೆಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಕಾದ ಮೈಗೆ ಬಳಿದ್ರೆ ಬಳಿದಲ್ಲೇ ಕೂರ್ತೈತೆ. ಒಣಗಿದ್ದನ್ನ ಒಣ ಬಟ್ಟೆ ತೆಗೆಯಲ್ಲ. ಅದರ ಮ್ಯಾಲೆ ಹಸೀದು ಇಡ್ಬೇಕು, ಆಗ ತಾನೇ ಬಿಟ್ಕಂತೈತೆ."

"ಇದು ಗಂಜಿ ಅಲ್ಲ ಅತ್ತೆ."

"ಅಲ್ಲ ಅಂತ ನಂಗೂ ಗೊತ್ತು. ಬೆರಳಷ್ಟು ಜಾಗದಾಗೆ ನೋಡು, ಆಗ್ಲಿಲ್ಲ ಅಂದ್ರೆ ಬಿಡು. ಮೊದ್ಲು ಗಾಡಿ ನೆರಳಿಗೆ ಹೋಗ್ಲಿ."

ಮನೆಯ ಮೂಡಲ ಗೋಡೆಯ ಬದಿಗೆ ಆಗ ನೆರಳು ಬಿದ್ದಿತ್ತು. ಕಿರಣ್ ಗಾಡಿಯನ್ನು ಅಲ್ಲಿಗೆ ತಂದು ನಿಲ್ಲಿಸಿದ. ತಣ್ಣಗಾಗಲು ಒಂದು ತಾಸು ಬೇಕು, ಅಲ್ಲಿಯ ತನಕ ಯಾರೂ ಅದನ್ನು ಮುಟ್ಟಬಾರದು, ಎಲ್ಲರೂ ಉಣ್ಣಲು ಬನ್ನಿ ಎಂದು ಕರಿಯಕ್ಕ ಕರೆದಳು. ಹುರುಳಿ ಸಾರು, ಬಿಸಿ ಮುದ್ದೆ, ಶೇಂಗಾ ಚಟ್ನಿ. ದೊಡ್ಡಪಾಲಯ್ಯ ಮೊದಲು ಬೇಡವೆಂದವನು ಎರಡು ಮುದ್ದೆ ಉಂಡ. ಶಾಂತಳಿಗೆ ತುತ್ತು ಇಳಿಯುತ್ತಿರಲಿಲ್ಲ. ಕರಿಯಕ್ಕ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ಹಸಿದ ಕೈ ನಡುಗುತ್ತದೆ, ಉಣ್ಣು ಎಂದಳು.

ಊಟವಾದ ಮೇಲೆ ಶಾಂತ ಪಟ್ಟಿಯ ತುದಿಯಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ಇಟ್ಟಳು. ಎಣಿಸಿ ಹತ್ತು ಉಸಿರು ಕಾದು ಒರೆಸಿದಳು. ಗೆರೆ ಕರಗಿ ಬಟ್ಟೆಗೆ ಬಂತು. ಕೆಳಗೆ ಸಮ ಕಪ್ಪು ಉಳಿಯಿತು. ಅವಳು ತಲೆಯೆತ್ತಿ ಅತ್ತೆಯನ್ನು ನೋಡಿದಳು. ಕರಿಯಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು ಒಳಗಿನಿಂದ ಬಾಣಂತನದ ಸೀರೆಯ ಉಳಿದರ್ಧ ತಂದಿದ್ದಳು.

ಇಬ್ಬರೂ ಪಕ್ಕಪಕ್ಕ ಕೂತರು. ಸೊಸೆ ಗೇಣು ಗೇಣಾಗಿ ಹಚ್ಚುತ್ತ ಮುಂದೆ ಹೋದಳು, ಅತ್ತೆ ಹಿಂದಿನಿಂದ ಒಂದೇ ದಿಕ್ಕಿಗೆ ಒರೆಸುತ್ತ ಬಂದಳು. ಕೈ ತಿರುಗಿಸಿ ಒರೆಸಬೇಡ, ಎಡದಿಂದ ಬಲಕ್ಕೆ, ಎತ್ತಿ ಮತ್ತೆ ಎಡದಿಂದ, ಎಂದು ಕರಿಯಕ್ಕ ಹೇಳಿಕೊಟ್ಟಳು. ಅಂಚಿನ ಟೇಪನ್ನು ಪೂರ್ತಿ ಒಣಗುವ ಮೊದಲೇ ಕೀಳಬೇಕೆಂದು ಶಾಂತ ಅವಳಿಗೆ ಹೇಳಿಕೊಟ್ಟಳು. ನಾಲ್ಕೂವರೆಗೆ ಕೆಲಸ ಮುಗಿಯಿತು. ಮಂಡಿ ಹಿಡಿದುಕೊಂಡು ಎದ್ದ ಕರಿಯಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದಳು. ಹೊಸ ಕಂಬಳಿಯನ್ನು ಬಿದಿರ ಗಳುವಿಗೆ ಹಾಕಿ ನೋಡುತ್ತಿದ್ದ ಹಾಗೆಯೇ ನೋಡಿದಳು. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ದೊಡ್ಡಪಾಲಯ್ಯ ಬಂಪರಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ತನ್ನ ಬಿಳಿ ಪಂಚೆಗೆ ಒರೆಸಿ ನೋಡಿದ. ಕಲೆ ಬೀಳಲಿಲ್ಲ. ಚೀಲದಿಂದ ಇನ್ನೊಂದು ಲಗ್ನಪತ್ರಿಕೆ ತೆಗೆದ. ಚಂದ್ರಣ್ಣನಿಗೆ ಒಂದು ಆಗಲೇ ಕೊಟ್ಟಾಗಿತ್ತು. ಇದನ್ನು ಅರಿಶಿನ ಕುಂಕುಮ ಸಮೇತ ಶಾಂತಳ ಕೈಗೆ ಕೊಟ್ಟ.

ಗಾಡಿ ಒಂದು ದಿನ ನೆರಳಲ್ಲೇ ನಿಂತಿತು. ಮರುದಿನ ಸಂಜೆ ಕಿರಣ್ ಅದನ್ನು ಸಿದ್ದಾಪುರಕ್ಕೆ ಮುಟ್ಟಿಸಿ ಬಂದ. ಮದುವೆಗೆ ಮನೆಮಂದಿಯೆಲ್ಲ ಹೋದರು. ನಿರ್ಮಲಾ ಕಾರು ಹತ್ತುವ ಮುಂಚೆ ನೆಂಟರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಸ ಗಾಡಿಯಾ ಎಂದು ಯಾರೋ ಕೇಳಿದರು. ಹಳೇದೇ, ಚಳ್ಳಕೆರೆಯಲ್ಲಿ ಶಾಂತಮ್ಮ ಅಂತ ಒಬ್ಬರಿದ್ದಾರೆ ಎಂದು ದೊಡ್ಡಪಾಲಯ್ಯ ಹೇಳಿದ್ದು ಕರಿಯಕ್ಕನ ಕಿವಿಗೆ ಬಿತ್ತು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, ಕೇಳದವಳಂತೆ ಮುಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತಳು.

ಆ ಮದುವೆಗೆ ತಿಪ್ಪೇರುದ್ರಪ್ಪನೂ ಬಂದಿದ್ದ. ಬಳ್ಳಾರಿ ರಸ್ತೆಯಲ್ಲಿ ಅವನದು ಹಳೆಯ ಕಾರು ಕೊಂಡು ಮಾರುವ ವ್ಯಾಪಾರ. ಮೂವತ್ತು ಗಾಡಿ ಬಯಲಲ್ಲಿ ಬಿಸಿಲು ಕಾಯುತ್ತ ನಿಂತಿರುತ್ತವೆ. ಊಟದ ಪಂಕ್ತಿಯಲ್ಲಿ ಅವನು ಕಿರಣ್‌ನ ಪಕ್ಕ ಕೂತು ಮಾತು ತೆಗೆದ. ತನ್ನ ಬಯಲಿನ ಒಂದು ಮೂಲೆಯಲ್ಲಿ ಶೆಡ್ಡು ಇದೆ, ಬಂದ ಗಾಡಿಗೆಲ್ಲ ಈ ಕೆಲಸ ಮಾಡಿಕೊಡಿ ಎಂದ.

ಅಂದು ಮನೆಗೆ ಬಂದ ಕಿರಣ್‌ನ ಕಾಲು ನೆಲದ ಮೇಲಿರಲಿಲ್ಲ. ಊಟಕ್ಕೆ ಕೂತಾಗ ಲೆಕ್ಕವೆಲ್ಲ ಬಿಚ್ಚಿದ. ತಾನು ಶೆಡ್ಡು ನೋಡಿಕೊಳ್ಳುವುದು, ಇಬ್ಬರು ಗಂಡಾಳು ಇಟ್ಟುಕೊಳ್ಳುವುದು, ತನ್ನ ಹೆಸರಿನಲ್ಲಿ ಬೋರ್ಡು ಬರೆಸುವುದು. ಶಾಂತ ಒಂದು ವಾರ ಬಂದು ಆಳುಗಳಿಗೆ ತೋರಿಸಿಕೊಟ್ಟರೆ ಸಾಕು.

"ಆಮೇಲೆ?" ಎಂದಳು ಶಾಂತ.

"ಆಮೇಲೆ ನೀನು ಮನೇಲಿರು. ಅವ್ವಂಗೂ ಅದೇ ಬೇಕಲ್ಲ."

ಶಾಂತ ಮುದ್ದೆಯ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಗೋಡೆಗೆ ಒರಗಿ ನಿಂತಳು. ಅವಳ ಉಗುರಿನ ಸಂದಿಯ ಕಪ್ಪು ಮದುವೆಗೆಂದು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಕರಿಯಕ್ಕನ ಕಣ್ಣು ಅದರ ಮೇಲೆಯೇ ಇತ್ತು.

"ಸಂತೇಲಿ ಎಲ್ರೂ ಚಂದ್ರಣ್ಣನ ಕಂಬಳಿ ಅಂತಿದ್ರು," ಎಂದಳು. "ಚಂದ್ರಣ್ಣನ ಕಂಬಳಿ ಮಡಿಸಿದ್ರೆ ಗೆರೆ ಬೀಳಲ್ಲ, ನೀರು ಸುರಿದ್ರೆ ಇಳಿಯಲ್ಲ ಅಂತಿದ್ರು. ನಲವತ್ತು ವರ್ಷ ಗಂಜಿ ಬಳಿದೋಳು ನಾನು. ಬಳಿದೋರ್ಯಾರು ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ತಟ್ಟೆಯ ಮುಂದೆ ಚಂದ್ರಣ್ಣನ ಕೈ ನಿಂತಿತು. ಹೆಂಡತಿಯ ಬಾಯಿಂದ ಈ ಮಾತನ್ನು ಅವನು ಕೇಳಿದ್ದು ಇದೇ ಮೊದಲು. "ನಾನೂ ಹೇಳ್ಲಿಲ್ಲ. ಹೇಳ್ಬೇಕಿತ್ತು," ಎಂದ.

ಕಿರಣ್ ಏನೋ ಹೇಳಲು ಹೋದ. ತಾನು ಮನೆಯ ಒಳ್ಳೆಯದಕ್ಕೇ ಹೇಳಿದ್ದು, ನೀನೇ ತಾನೆ ಅವಮಾನ ಅಂದದ್ದು ಎಂದ. ಹೌದು, ನಾನೇ ಅಂದದ್ದು ಎಂದು ಕರಿಯಕ್ಕ ಒಪ್ಪಿಕೊಂಡಳು. ಅಂದಾಗ ಆ ಕೆಲಸವನ್ನು ಕೈಯಲ್ಲಿ ಮಾಡಿ ನೋಡಿರಲಿಲ್ಲ, ಈಗ ನೋಡಿದ್ದೇನೆ ಎಂದಳು. ಆಮೇಲೆ ಶಾಂತಳ ಕಡೆ ತಿರುಗಿ, ನಿಂತೇ ಇರಬೇಡ, ನಿನ್ನ ತಟ್ಟೆ ಇಟ್ಕೊಂಡು ಕೂರು ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅತ್ತೆ ಸೊಸೆ ಒಂದೇ ಪಂಕ್ತಿಯಲ್ಲಿ ಉಂಡದ್ದು ಆ ಮನೆಯಲ್ಲಿ ಅಂದೇ ಮೊದಲು.

ಎರಡು ದಿನ ಕಿರಣ್ ಮುಖ ಊದಿಸಿಕೊಂಡೇ ಇದ್ದ. ಮೂರನೆಯ ದಿನ ಬೆಳಿಗ್ಗೆ ತಿಪ್ಪೇರುದ್ರಪ್ಪ ತಾನೇ ಬಂದ. ಚಂದ್ರಣ್ಣ ಕಟ್ಟೆಯ ಮೇಲೆ ಜಮಖಾನ ಹಾಸಿದ. ಅಂಗಳದಲ್ಲಿ ಶಾಂತ ಒಬ್ಬ ಮೇಷ್ಟರ ಕಾರಿನ ಕಿಟಕಿಯ ರಬ್ಬರು ಒರೆಸುತ್ತಿದ್ದಳು. ಕರಿಯಕ್ಕ ಪಕ್ಕದಲ್ಲಿ ಕೂತು ಒಗೆದ ಬಟ್ಟೆ ತುಂಡುಗಳನ್ನು ಮಡಿಸುತ್ತಿದ್ದಳು. ತಿಪ್ಪೇರುದ್ರಪ್ಪ ಕಿರಣ್‌ನ ಕಡೆಗೆ ತಿರುಗಿ, ಯಾವತ್ತಿಂದ ಶುರು ಮಾಡೋಣ, ದಿನಕ್ಕೆ ನಾಲ್ಕು ಗಾಡಿಯಾದರೂ ಆಗಬೇಕು ಎಂದ.

ಕಿರಣ್ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಕೆಲ್ಸ ಅವಳ್ದು ಸಾರ್. ಅವಳ್ನೇ ಕೇಳ್ರಿ," ಎಂದ.

ಶಾಂತ ಕೈ ಒರೆಸಿಕೊಂಡು ಎದ್ದು ಬಂದಳು. ದಿನಕ್ಕೆ ಎರಡೇ ಗಾಡಿ ಎಂದಳು. ಬೆಳಿಗ್ಗೆ ಆರರಿಂದ ಹನ್ನೊಂದು, ಬಿಸಿಲೇರಿದ ಮೇಲೆ ಮುಟ್ಟುವುದಿಲ್ಲ. ಶೆಡ್ಡಿಗೆ ಮೂಡಲ ಕಡೆ ಗೋಡೆ ಬೇಕು. ಕೆಲಸ ಮುಗಿದ ಗಾಡಿಗೆ ಒಂದು ದಿನ ನೀರು ತಾಗಿಸಬಾರದು. ತಾಗಿಸಿದರೆ ತನ್ನ ಜವಾಬ್ದಾರಿಯಲ್ಲ. ಕಲಿಯಲು ಬರುವವರು ಹೆಂಗಸರಾದರೂ ಸರಿ, ಗಂಡಸರಾದರೂ ಸರಿ, ಕೈ ಮೆತ್ತಗಿರಬೇಕು. ಇಷ್ಟನ್ನೂ ಅವಳು ಒಂದೇ ದನಿಯಲ್ಲಿ, ಎಲ್ಲೂ ತಡವರಿಸದೆ ಹೇಳಿದಳು.

ತಿಪ್ಪೇರುದ್ರಪ್ಪ ಗಡ್ಡ ಕೆರೆದುಕೊಂಡ. ಎರಡು ಗಾಡಿ ಕಡಿಮೆಯಾಯಿತು ಎಂದ. ಅವನು ಮೇಷ್ಟರ ಕಾರಿನ ಹತ್ತಿರ ಹೋಗಿ ಬಗ್ಗಿ, ಮುಗಿದಿದ್ದ ಹಿಂದಿನ ಬಂಪರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನೋಡಿ, ಆಗಲಿ ಎಂದ, ಗೋಡೆ ಕಟ್ಟಿಸುತ್ತೇನೆ ಎಂದ. ಹೊರಡುವಾಗ ಬಟ್ಟೆ ಮಡಿಸುತ್ತ ಕೂತಿದ್ದ ಮುದುಕಿ ಅವನ ಕಣ್ಣಿಗೆ ಬಿದ್ದಳು.

"ನಿಮ್ದೇನಮ್ಮ ಇದ್ರಾಗೆ ಕೆಲ್ಸ?" ಎಂದು ಕೇಳಿದ.

ಕರಿಯಕ್ಕ ಕೈಯ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

"ನಾನು ಅವಳ ಅತ್ತೆ," ಎಂದಳು.